ಬಿಟ್ಟುಹೋದ ಮಗುವಿನ ಜನನ ಬರೆಸುವವರು ಯಾರು?

ಬಸ್ ನಿಲ್ದಾಣದಲ್ಲೋ ದೇವಸ್ಥಾನದ ಜಗುಲಿಯಲ್ಲೋ ಸಿಕ್ಕ ಹಸುಗೂಸಿನ ಜನನವನ್ನು ಯಾರು ಬರೆಸಬೇಕು ಎಂಬುದಕ್ಕೆ 1969ರ ಜನನ ಮರಣ ನೋಂದಣಿ ಕಾಯ್ದೆಯಲ್ಲೇ ಉತ್ತರವಿತ್ತು. ಅದರ 8ನೇ ಸೆಕ್ಷನ್ ಪ್ರಕಾರ ಹಳ್ಳಿಯಲ್ಲಾದರೆ ಊರಿನ ಮುಖ್ಯಸ್ಥ ಅಥವಾ ಆ ಹುದ್ದೆಗೆ ಸಮನಾದ ಅಧಿಕಾರಿ, ಉಳಿದೆಡೆ ಠಾಣಾಧಿಕಾರಿ ಮಾಹಿತಿ ಕೊಡಬೇಕು. ವಾರಸುದಾರರಿಲ್ಲದ ಶವದ ಬಗ್ಗೆ ತಿಳಿಸಬೇಕಾದವರೂ ಇವರೇ. ಎರಡನ್ನೂ ಒಂದೇ ಉಪವಾಕ್ಯದಲ್ಲಿ ಮುಗಿಸಲಾಗಿದೆ. ಕಾಯ್ದೆ ಬರೆದವರಿಗೆ ಬೇಕಿದ್ದದ್ದು ಜನಸಂಖ್ಯೆಯ ಲೆಕ್ಕ. ಮುಂದೆ ಈ ಕೂಸು ಶಾಲೆಗೆ ಸೇರಬೇಕು, ಪಾಸ್‌ಪೋರ್ಟ್ ಕೇಳಬೇಕು ಎಂಬುದು ಆಗ ಯಾರ ತಲೆಯಲ್ಲೂ ಇದ್ದಂತಿಲ್ಲ.

ಕರ್ನಾಟಕದಲ್ಲಿ ಇದಕ್ಕೊಂದು ವಿಚಿತ್ರ ತಿರುವೂ ಇತ್ತು. ಪಟೇಲ, ಶಾನುಭೋಗರ ವಂಶಪಾರಂಪರ್ಯ ಹುದ್ದೆಗಳನ್ನು 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಕಿತ್ತುಹಾಕಿ ವರ್ಷಗಳೇ ಕಳೆದಿದ್ದವು. ‘ಸಮನಾದ ಅಧಿಕಾರಿ’ ಎಂದರೆ ಯಾರೆಂದು ಹಳ್ಳಿಯವರಿಗೂ ಗೊತ್ತಿರಲಿಲ್ಲ. ಹೊಣೆ ಹೊತ್ತವರು ಸುಮ್ಮನಿದ್ದರೆ ಹೆಚ್ಚೆಂದರೆ 50 ರೂಪಾಯಿ ದಂಡ. ಪೊಲೀಸರು ಮಗುವನ್ನು ಆಸ್ಪತ್ರೆಗೆ, ಅಲ್ಲಿಂದ ಶಿಶುಮಂದಿರಕ್ಕೆ ದಾಟಿಸಿದರೆ ಕೆಲಸ ಮುಗಿಯಿತು ಅಂದುಕೊಳ್ಳುತ್ತಿದ್ದರು. ಮಗುವನ್ನು ನಿಜವಾಗಿ ಸಾಕುತ್ತಿದ್ದ ಸಂಸ್ಥೆಯ ಹೆಸರು ಮಾಹಿತಿದಾರರ ಪಟ್ಟಿಯಲ್ಲಿ ಸ್ಪಷ್ಟವಾಗಿ ಇರಲೇ ಇಲ್ಲ. ದಶಕಗಳ ಕಾಲ ತೊಡಕಾದದ್ದು ಇಲ್ಲೇ.

2000ದ ಬಾಲನ್ಯಾಯ ಕಾಯ್ದೆ, ಆಸರೆ ಬೇಕಾದ ಮಕ್ಕಳ ಬಗ್ಗೆ ತೀರ್ಮಾನಿಸುವ ಮಕ್ಕಳ ಕಲ್ಯಾಣ ಸಮಿತಿಯನ್ನು ಹುಟ್ಟುಹಾಕಿದ ಮೇಲೆ ಒಂದು ಆಧಾರ ಸಿಕ್ಕಿತು. ಈಗ ಜಾರಿಯಲ್ಲಿರುವ 2015ರ ಕಾಯ್ದೆಯಂತೆ ಸಿಕ್ಕ ಮಗುವನ್ನು ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಸಮಿತಿಯ ಮುಂದೆ ತರಬೇಕು. ಹೆತ್ತವರನ್ನು ಹುಡುಕುವ ವಿಚಾರಣೆ ಮುಗಿಸಿ, ಸಮಿತಿಯ ಮುಂದೆ ತಂದ ದಿನದಿಂದ 2 ವರ್ಷದೊಳಗಿನ ಮಗುವಾದರೆ 2 ತಿಂಗಳಲ್ಲಿ, ಅದಕ್ಕಿಂತ ದೊಡ್ಡದಾದರೆ 4 ತಿಂಗಳಲ್ಲಿ, ದತ್ತು ಕೊಡಲು ಕಾನೂನುಬದ್ಧವಾಗಿ ಮುಕ್ತ ಎಂದು ಘೋಷಿಸಬೇಕು. ಈ ವಿಚಾರಣೆಯ ಹಂತದಲ್ಲಿ ಹೆತ್ತವರ ಮೇಲೆ ಎಫ್‌ಐಆರ್ ಹಾಕುವಂತಿಲ್ಲ. ಇದು ಹಲವು ಠಾಣೆಗಳಿಗೆ ಇಂದಿಗೂ ಹೊಸ ಸುದ್ದಿ.

ನೋಂದಣಿಗೆ ಮೊದಲು ಬೇಕಾಗುವುದು ಹುಟ್ಟಿದ ದಿನಾಂಕ. ಹಸುಗೂಸಾದರೆ ವೈದ್ಯರು ಮೊದಲು ನೋಡುವುದು ಹೊಕ್ಕುಳಬಳ್ಳಿಯನ್ನು. ಬಳ್ಳಿ ಹಸಿಯಾಗಿದ್ದು ಚರ್ಮದ ಮಡಿಕೆಗಳಲ್ಲಿ ಬಿಳಿ ಜಿಡ್ಡು ಉಳಿದಿದ್ದರೆ ಹುಟ್ಟಿ ಬಹಳ ಹೊತ್ತಾಗಿಲ್ಲ. ಒಣಗಿ ಕಪ್ಪಾಗಿದ್ದರೆ ಕೆಲವು ದಿನ. ಉದುರಿ ಹೊಕ್ಕುಳು ಮಾಗಿದ್ದರೆ ಒಂದೆರಡು ವಾರ. ಬಳ್ಳಿಗೆ ಪ್ಲಾಸ್ಟಿಕ್ ಕ್ಲಾಂಪ್ ಹಾಕಿದೆಯೋ ದಾರ ಕಟ್ಟಿದೆಯೋ ಎಂಬುದನ್ನೂ ವರದಿಯಲ್ಲಿ ಬರೆಯಬೇಕು. ಕ್ಲಾಂಪ್ ಇದ್ದರೆ ಹೆರಿಗೆ ಬಹುತೇಕ ಆಸ್ಪತ್ರೆಯಲ್ಲೇ ಆಗಿದೆ, ಅಂದರೆ ಆ ಜನನ ಆಗಲೇ ನೋಂದಣಿಯಾಗಿರಬಹುದು. ಸುತ್ತಲಿನ ಹೆರಿಗೆ ರಿಜಿಸ್ಟರ್ ನೋಡದೆ ಹೊಸದಾಗಿ ಬರೆಸಿದರೆ ಒಂದೇ ಮಗುವಿಗೆ ಎರಡು ಜನನ ದಾಖಲೆ ಹುಟ್ಟಿಕೊಳ್ಳುತ್ತವೆ. ತಾಯಿಯೇ ಸಮಿತಿಯ ಮುಂದೆ ಒಪ್ಪಿಸಿದ ಮಗುವಿನ ವಿಷಯದಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ದೊಡ್ಡ ಮಕ್ಕಳಲ್ಲಿ ಹಲ್ಲು, ಮಣಿಕಟ್ಟಿನ ಎಕ್ಸ್‌ರೇ ನೋಡಿ ವಯಸ್ಸು ಹೇಳುತ್ತಾರೆ. ಅದರಲ್ಲಿ ಒಂದೆರಡು ವರ್ಷ ಆಚೀಚೆ ಆಗುವುದು ಮಾಮೂಲು.

ಅರ್ಜಿ ವಾಪಸ್ ಬರುವುದು ಹೆಚ್ಚಾಗಿ ಸಮಿತಿಯ ಆದೇಶದ ಒಕ್ಕಣೆಯಿಂದ. ‘ಸುಮಾರು 3 ದಿನದ ಹೆಣ್ಣು ಶಿಶು’ ಎಂದಷ್ಟೇ ಬರೆದರೆ ನೋಂದಣಾಧಿಕಾರಿ ದಿನಾಂಕದ ಕಾಲಂ ತುಂಬಲಾರರು. ಅಂದಾಜಿನದ್ದಾದರೂ ಸರಿ, ಒಂದು ದಿನಾಂಕ, ಜನ್ಮಸ್ಥಳವಾಗಿ ಮಗು ಸಿಕ್ಕ ಜಾಗ, ಲಿಂಗ, ಇಟ್ಟ ಹೆಸರು, ನೋಂದಾಯಿಸಿಕೊಳ್ಳಿ ಎಂಬ ಸ್ಪಷ್ಟ ನಿರ್ದೇಶನ, ಇಷ್ಟೂ ಒಂದೇ ಆದೇಶದಲ್ಲಿ ಬಂದರೆ ಅರ್ಧ ತಲೆನೋವು ಕಡಿಮೆ. ಇಲ್ಲದಿದ್ದರೆ ಆಸ್ಪತ್ರೆ ಚೀಟಿಯಲ್ಲಿ ಒಂದು ಹೆಸರು, ಸಂಸ್ಥೆಯ ಕಡತದಲ್ಲಿ ಇನ್ನೊಂದು, ಸಿಕ್ಕ ದಿನವೇ ಹುಟ್ಟಿದ ದಿನವಾಗಿ ಮೂರನೆಯ ಕಾಗದದಲ್ಲಿ. ವ್ಯಾಪ್ತಿಯ ಜಗಳವೂ ಇದೆ: ಸಿಕ್ಕಿದ್ದು ಒಂದು ತಾಲ್ಲೂಕು, ಚಿಕಿತ್ಸೆ ಇನ್ನೊಂದು, ದತ್ತು ಕೇಂದ್ರ ಮತ್ತೊಂದು, ಎಲ್ಲ ಕಡೆಯೂ ‘ನಮಗೆ ಬರಲ್ಲ’ ಎಂಬ ಮಾತು. ಹಾಗೆ ಓಡಾಡುವಾಗಲೇ ಗಡುವು ಜಾರುತ್ತದೆ. 21 ದಿನದೊಳಗೆ ಶುಲ್ಕವಿಲ್ಲ, 30 ದಿನದವರೆಗೆ ತಡ ಶುಲ್ಕ, ವರ್ಷದೊಳಗೆ ಮೇಲಧಿಕಾರಿಯ ಲಿಖಿತ ಅನುಮತಿ. ವರ್ಷ ದಾಟಿದರೆ ನಮೂನೆ 10ರಲ್ಲಿ ‘ದಾಖಲೆ ಲಭ್ಯವಿಲ್ಲ’ ಎಂಬ ಪತ್ರ ಪಡೆದು ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ ಮುಂದೆ ಹೋಗಬೇಕಿತ್ತು; 2023ರ ತಿದ್ದುಪಡಿ ಆ ಅಧಿಕಾರವನ್ನು ಜಿಲ್ಲಾ ಮ್ಯಾಜಿಸ್ಟ್ರೇಟ್, ಉಪವಿಭಾಗೀಯ ಮ್ಯಾಜಿಸ್ಟ್ರೇಟ್ ಅಥವಾ ಜಿಲ್ಲಾ ಮ್ಯಾಜಿಸ್ಟ್ರೇಟ್ ಅಧಿಕಾರ ಕೊಟ್ಟ ಕಾರ್ಯಪಾಲಕ ಮ್ಯಾಜಿಸ್ಟ್ರೇಟರಿಗೆ ಕೊಟ್ಟಿದೆ.

ದತ್ತು ಹೋಗುವ ಮಗುವಿಗೆ ದಾರಿ ಸಲೀಸು. 2022ರ ಸೆಪ್ಟೆಂಬರಿನಿಂದ ಕೋರ್ಟಿನ ಬದಲು ಜಿಲ್ಲಾ ಮ್ಯಾಜಿಸ್ಟ್ರೇಟರೇ ದತ್ತು ಆದೇಶ ಕೊಡುತ್ತಾರೆ. ಅದರ ಮೇಲೆ ದತ್ತು ತಂದೆತಾಯಿಯ ಹೆಸರಿರುವ ಜನನ ಪ್ರಮಾಣಪತ್ರ ಸಿಗುತ್ತದೆ. ದತ್ತು ಹೋಗದೆ ಸಂಸ್ಥೆಯಲ್ಲೇ ಬೆಳೆಯುವವರದ್ದೇ ಗಟ್ಟಿ ಸಮಸ್ಯೆ.

2023ರ ತಿದ್ದುಪಡಿ ಹಳೆಯ ಲೋಪವನ್ನು ತುಂಬಿತು. ಅನಾಥ, ಪರಿತ್ಯಕ್ತ, ಒಪ್ಪಿಸಲ್ಪಟ್ಟ ಮಕ್ಕಳ ಬಗ್ಗೆ ಅವರಿರುವ ಸಂಸ್ಥೆಯ ಮೇಲ್ವಿಚಾರಕರೇ ಮಾಹಿತಿದಾರರು ಎಂದು ಬರೆಯಿತು. ಒಂಟಿ ಪೋಷಕರು, ಅವಿವಾಹಿತ ತಾಯಂದಿರನ್ನೂ ಪಟ್ಟಿಗೆ ಸೇರಿಸಿತು. ಅವಿವಾಹಿತ ತಾಯಿ ಪ್ರಮಾಣಪತ್ರ ಕೇಳಿದರೆ ಅಫಿಡವಿಟ್ ಸಾಕು ಎಂದು ಸುಪ್ರೀಂ ಕೋರ್ಟ್ 2015ರಲ್ಲೇ ಹೇಳಿತ್ತು. ಆದರೆ ಅದೇ ತಿದ್ದುಪಡಿ ಪಟ್ಟನ್ನೂ ಬಿಗಿ ಮಾಡಿತು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರ ಜನ್ಮದಿನಾಂಕ, ಜನ್ಮಸ್ಥಳಕ್ಕೆ ಶಾಲೆ, ಮತದಾರರ ಪಟ್ಟಿ, ಚಾಲನಾ ಪರವಾನಗಿ, ಪಾಸ್‌ಪೋರ್ಟ್, ಸರ್ಕಾರಿ ನೌಕರಿಗೆಲ್ಲ ಜನನ ಪ್ರಮಾಣಪತ್ರವೇ ಪುರಾವೆ. ವಯಸ್ಸಿನ ದಾಖಲೆ ಇಲ್ಲವೆಂದು ಶಾಲೆಯ ಬಾಗಿಲು ಮುಚ್ಚುವಂತಿಲ್ಲ ಎನ್ನುವ ಶಿಕ್ಷಣ ಹಕ್ಕು ಕಾಯ್ದೆಯ 14ನೇ ಸೆಕ್ಷನ್ ಮಾತ್ರ ಇನ್ನೂ ಹಾಗೇ ಇದೆ. ಮುಖ್ಯಶಿಕ್ಷಕರು ಪ್ರಮಾಣಪತ್ರಕ್ಕೆ ಹಟ ಹಿಡಿದರೆ ಈ ಸೆಕ್ಷನ್ ತೋರಿಸಬೇಕು. 2023ರ ಅಕ್ಟೋಬರ್ 1ಕ್ಕೂ ಮೊದಲು ಹುಟ್ಟಿದ ಅನಾಥರಿಗೆ ಪಾಸ್‌ಪೋರ್ಟ್ ನಿಯಮದಲ್ಲಿ 2016ರ ಸಡಿಲಿಕೆ ಇದೆ: ಬೇರೆ ದಾಖಲೆ ಇಲ್ಲದಿದ್ದರೆ ಅನಾಥಾಲಯದ ಮುಖ್ಯಸ್ಥರು ಲೆಟರ್‌ಹೆಡ್‌ನಲ್ಲಿ ಜನ್ಮದಿನಾಂಕ ದೃಢೀಕರಿಸಬಹುದು.

ಇಂಥ ಮಕ್ಕಳ ಪೌರತ್ವದ ಪ್ರಶ್ನೆಯನ್ನು ಮಾತ್ರ ಯಾವ ತಿದ್ದುಪಡಿಯೂ ಮುಟ್ಟಿಲ್ಲ. 1987ರ ಜುಲೈ 1ಕ್ಕೆ ಮೊದಲು ಭಾರತದಲ್ಲಿ ಹುಟ್ಟಿದ್ದರೆ ಸಾಕಿತ್ತು. ಆಮೇಲೆ ತಂದೆತಾಯಿಯರಲ್ಲಿ ಒಬ್ಬರಾದರೂ ಭಾರತೀಯರಿರಬೇಕೆಂದಾಯಿತು, 2004ರ ಡಿಸೆಂಬರ್ 3ರಿಂದ ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು ಎಂಬುದೂ ಸೇರಿತು. ಹೆತ್ತವರೇ ಗೊತ್ತಿಲ್ಲದ ಮಗು ಇದನ್ನು ಹೇಗೆ ತೋರಿಸಬೇಕು? ಸಿಕ್ಕ ದೇಶದ್ದೇ ಮಗು ಎಂದು ಭಾವಿಸಬೇಕೆಂಬ 1961ರ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಭಾರತ ಸೇರಿಲ್ಲ, ನಮ್ಮ ಪೌರತ್ವ ಕಾಯ್ದೆಯಲ್ಲಿ ಅಂಥ ಸ್ಪಷ್ಟ ಸಾಲೂ ಇಲ್ಲ. ಸದ್ಯಕ್ಕೆ ಆಧಾರ ಎಂದರೆ ಮಗು ಎಲ್ಲಿ, ಯಾವಾಗ ಸಿಕ್ಕಿತು, ಹುಡುಕಿದರೂ ಹೆತ್ತವರು ಪತ್ತೆಯಾಗಲಿಲ್ಲ ಎಂದು ಹೇಳುವ ಪೊಲೀಸ್ ವರದಿ ಮತ್ತು ಸಮಿತಿಯ ಆದೇಶ. 18 ತುಂಬಿ ಹೊರಡುವವರ ಕೈಗೆ ಜನನ ಪ್ರಮಾಣಪತ್ರದ ಜೊತೆ ಇವೆರಡರ ದೃಢೀಕೃತ ಪ್ರತಿಗಳನ್ನೂ ಕೊಟ್ಟು ಕಳಿಸಬೇಕು. ಸಂಸ್ಥೆ ಮುಚ್ಚಿಹೋದರೆ ಆ ಕಡತ ಹುಡುಕಿಕೊಡುವವರು ಸಿಗುವುದು ಕಷ್ಟ.