ಮನೆಮಂದಿಗೆಲ್ಲ ಒಂದೇ ಅಡುಗೆ, ನಾನು ತೂಕ ಇಳಿಸುವುದು ಹೇಗೆ?

ಪ್ರಶ್ನೆ: ವಿಜಯನಗರದಲ್ಲಿ ನಮ್ಮದು ಆರು ಜನರ ಮನೆ. ಅತ್ತೆ, ಮಾವ, ನಾವಿಬ್ಬರು, ಎರಡು ಮಕ್ಕಳು. ನಾನು 8 ಕೆಜಿ ಇಳಿಸಬೇಕು. ನನಗೊಬ್ಬಳಿಗೆ ಬೇರೆ ಮಾಡಿಕೊಂಡರೆ ಎಲ್ಲರಿಗೂ ಬೇಜಾರು. ಜೊತೆಗೆ ಕೂತರೆ ಜಾಸ್ತಿ ತಿಂದುಬಿಡುತ್ತೇನೆ. ಏನು ಮಾಡಲಿ?

ಉತ್ತರ: ಬೇರೆ ಅಡುಗೆ ಮಾಡಿಕೊಳ್ಳಬೇಡಿ. ಬೆಳಿಗ್ಗೆ ಮಕ್ಕಳ ಡಬ್ಬಿ ಕಟ್ಟಿ, ರಿಂಗ್ ರೋಡ್ ಟ್ರಾಫಿಕ್‌ನಲ್ಲಿ ಕೂತು, ರಾತ್ರಿ ಎಂಟಕ್ಕೆ ಮನೆ ಸೇರುವವರು ತಮಗೊಬ್ಬರಿಗೇ ಅಂತ ಓಟ್ಸ್ ಬೇಯಿಸಿಕೊಂಡು ಎಷ್ಟು ದಿನ ತಿಂದಾರು? ಪಾತ್ರೆ ಒಂದೇ ಇರಲಿ. ನಿಮ್ಮ ತಟ್ಟೆಗೆ ಬೀಳುವ ಅಳತೆ ಬದಲಾದರೆ ಸಾಕು.

ಇವತ್ತು ರಾತ್ರಿ ಊಟಕ್ಕೆ ಕೂತಾಗ ತಟ್ಟೆ ನೋಡಿಕೊಳ್ಳಿ. ಮಧ್ಯದಲ್ಲಿ ಅನ್ನ, ಮೇಲೆ ಸಾರು, ಅಂಚಿನಲ್ಲಿ ಒಂದೇ ಒಂದು ಚಮಚ ಪಲ್ಯ ಅಲ್ವಾ? ಪಲ್ಯ ಇರುವುದೇ ನಂಜಿಕೊಳ್ಳೋಕೆ ಅಂತ ಆಗಿಹೋಗಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯ ಲೆಕ್ಕ ಬೇರೆ. ದಿನಕ್ಕೆ 2000 ಕ್ಯಾಲೊರಿ ಊಟದಲ್ಲಿ ತರಕಾರಿ, ಸೊಪ್ಪು ಸೇರಿ 400 ಗ್ರಾಂ ಇರಬೇಕು. ಅಕ್ಕಿ, ರಾಗಿ, ಗೋಧಿ, ರವೆ ಎಲ್ಲಾ ಸೇರಿ 250 ಗ್ರಾಂ, ಅದೂ ಬೇಯಿಸುವ ಮೊದಲಿನ ತೂಕ. ನಮ್ಮ ಮನೆಗಳಲ್ಲಿ ಇದು ಪೂರ್ತಿ ತಲೆಕೆಳಗಾಗಿದೆ.

ಸರಿಮಾಡೋಕೆ ಬಸ್ಸಾರಿನಿಂದ ಶುರು ಮಾಡಿ. ಅಲಸಂದೆ ಕಾಳು, ದಂಟಿನ ಸೊಪ್ಪು ಬೇಯುತ್ತವೆ. ಬಸಿದ ಕಟ್ಟು ಸಾರಿಗೆ, ಬೆಂದ ಸೊಪ್ಪು ಕಾಳು ಒಗ್ಗರಣೆಗೆ. ಎಲ್ಲರಿಗೂ ಅದೇ ಊಟ. ನೀವು ಮಾತ್ರ ಪಲ್ಯವನ್ನು ಒಂದು ಬಟ್ಟಲು ತುಂಬ ಹಾಕಿಕೊಳ್ಳಿ. ಅರ್ಧ ಬಟ್ಟಲು ಖಾಲಿಯಾದ ಮೇಲೆ ಮುದ್ದೆ ಮುರಿಯಿರಿ. ಕಾಳಿನ ಪ್ರೋಟೀನ್, ಸೊಪ್ಪಿನ ನಾರು ಮೊದಲು ಒಳಗೆ ಹೋದರೆ ಹೊಟ್ಟೆ ಬೇಗ ತುಂಬಿದ ಹಾಗಾಗುತ್ತದೆ, ರಕ್ತದಲ್ಲಿ ಸಕ್ಕರೆಯೂ ನಿಧಾನಕ್ಕೆ ಏರುತ್ತದೆ. ಇದಕ್ಕೆ ಬೇಕಾದ ಖರ್ಚು ಅಂದರೆ ಸೊಪ್ಪಿನ ಗಾಡಿಯಲ್ಲಿ ಎರಡು ಕಟ್ಟು ಜಾಸ್ತಿ. ಮದುವೆ ಮನೆಯ ಎಲೆ ನೆನಪಿಸಿಕೊಳ್ಳಿ. ಅಲ್ಲೂ ಕೋಸಂಬರಿ, ಪಲ್ಯ ಮೊದಲು ಬರುತ್ತವೆ, ಅನ್ನ ಆಮೇಲೆ.

ಮುದ್ದೆ ತಿಂದರೆ ತೂಕ ತಾನಾಗಿ ಇಳಿಯುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 320 ಕ್ಯಾಲೊರಿ, ಅಷ್ಟೇ ಅಕ್ಕಿಯಲ್ಲಿ ಸುಮಾರು 350. ಅಂಥ ದೊಡ್ಡ ವ್ಯತ್ಯಾಸವೇನಿಲ್ಲ. ರಾಗಿಯಲ್ಲಿ ನಾರು, ಕ್ಯಾಲ್ಸಿಯಂ ಜಾಸ್ತಿ, ಅದಕ್ಕಾಗಿ ಖಂಡಿತ ತಿನ್ನಿ. ಆದರೆ ಮುದ್ದೆ ಆದ ಮೇಲೆ ‘ಎರಡು ತುತ್ತು ಅನ್ನ’ ಬೇಡ.

ಇನ್ನು ಎಣ್ಣೆ. ನನ್ನ ಪ್ರಕಾರ ತೂಕ ಏರುವುದು ಅನ್ನದಷ್ಟೇ ಇಲ್ಲೂ. ನಮ್ಮ ಮನೆಯಲ್ಲಿ ಬಾಣಲೆಗೆ ಕ್ಯಾನ್‌ನಿಂದ ನೇರವಾಗಿ ಸುರಿಯುತ್ತಿದ್ದೆವು. ಒಂದು ಭಾನುವಾರ ಉಪ್ಪಿಟ್ಟಿಗೆ ಎಂದಿನಷ್ಟೇ ಎಣ್ಣೆಯನ್ನು ಮೊದಲು ಲೋಟಕ್ಕೆ ಬಗ್ಗಿಸಿ, ಚಮಚದಲ್ಲಿ ಅಳೆದೆ. ಏಳು ದೊಡ್ಡ ಚಮಚ! ಒಂದು ದೊಡ್ಡ ಚಮಚಕ್ಕೆ ಸುಮಾರು 120 ಕ್ಯಾಲೊರಿ. ನಾಲ್ಕು ಜನರಿಗೆ ಹಂಚಿದರೆ, ರವೆ ಬೀಳುವ ಮೊದಲೇ ತಲೆಗೆ 210. ಈಗ ಮೂರು ಚಮಚ ಹಾಕುತ್ತೇವೆ. ರುಚಿ ಕಡಿಮೆಯಾಯಿತು ಅಂತ ಇದುವರೆಗೂ ಯಾರೂ ಹೇಳಿಲ್ಲ. ಅದೇ ಮಾರ್ಗಸೂಚಿಯ ಊಟದಲ್ಲಿ ಎಣ್ಣೆ, ತುಪ್ಪ ಸೇರಿ ದಿನಕ್ಕೆ ಒಬ್ಬರಿಗೆ 27 ಗ್ರಾಂ. ಆರು ಜನರಿಗೆ ತಿಂಗಳಿಗೆ ಐದು ಲೀಟರ್‌ಗೆ ಸ್ವಲ್ಪ ಮೇಲೆ ಆಯಿತು. ನಿಮ್ಮ ಮನೆಗೆ ತಿಂಗಳಿಗೆ ಎಷ್ಟು ಬರುತ್ತದೆ, ದಿನಸಿ ಚೀಟಿ ತೆಗೆದು ನೋಡಿ. ಇಲ್ಲಿ ಕಡಿಮೆ ಮಾಡಿದರೆ ಅತ್ತೆ ಮಾವನಿಗೂ ಒಳ್ಳೆಯದೇ.

ಮಕ್ಕಳು ಬಿಟ್ಟ ಅರ್ಧ ದೋಸೆ, ಪಾತ್ರೆ ತಳದಲ್ಲಿ ಉಳಿದ ಒಂದು ಸೌಟು ಚಿತ್ರಾನ್ನ, ಇವೆಲ್ಲ ಕೊನೆಗೆ ಅಮ್ಮಂದಿರ ಹೊಟ್ಟೆಗೇ ಹೋಗುತ್ತವೆ. ಎಸೆಯೋಕೆ ಮನಸ್ಸು ಬರುವುದಿಲ್ಲ, ನನಗೂ ಬರುವುದಿಲ್ಲ. ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿಡಿ, ಮಕ್ಕಳಿಗೆ ಮೊದಲೇ ಅರ್ಧ ಬಡಿಸಿ. ಸಂಜೆ ಬೇಕರಿಯ ಖಾರಾ ಬನ್ ಬದಲು ಒಂದು ಹಿಡಿ ಹುರಿಗಡಲೆ ಬ್ಯಾಗಿನಲ್ಲಿರಲಿ. ಹಸಿದು ಬಂದರೆ ರಾತ್ರಿ ಊಟದಲ್ಲಿ ಯಾವ ಅಳತೆಯೂ ನಿಲ್ಲುವುದಿಲ್ಲ.

ಕಷ್ಟ ಬರುವುದು ಬಡಿಸುವವರ ಪ್ರೀತಿಯಿಂದ. ‘ಸಾಕು’ ಅಂದರೆ ಅಡುಗೆ ಹಿಡಿಸಲಿಲ್ಲವೇನೋ ಅಂತ ಅತ್ತೆಗೆ ಅನ್ನಿಸಬಹುದು. ಹಾಗಾಗಿ ಬೇಡ ಅನ್ನುವ ಮೊದಲೇ ನೀವೇ ಕೇಳಿ: ‘ಅತ್ತೆ, ಇನ್ನೊಂದು ಸ್ವಲ್ಪ ಪಲ್ಯ ಹಾಕಿ.’ ಎರಡನೇ ಸಲ ಪಲ್ಯ ಕೇಳಿದ ಸೊಸೆಗೆ ಅನ್ನ ತಿನ್ನು ಅಂತ ಯಾರೂ ಒತ್ತಾಯ ಮಾಡುವುದಿಲ್ಲ.

ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ ಅನ್ನ ಕಡಿಮೆ ಮಾಡುವ ಮೊದಲು ಡಾಕ್ಟರನ್ನು ಕೇಳಿ. ಸಕ್ಕರೆ ಏಕಾಏಕಿ ಇಳಿದುಬಿಡಬಹುದು. ಬೆಳೆಯುವ ಮಕ್ಕಳ ಊಟಕ್ಕೆ ಕತ್ತರಿ ಹಾಕಬೇಡಿ. ವಾರಕ್ಕೆ ಅರ್ಧ ಕೆಜಿ ಇಳಿದರೆ ಒಳ್ಳೆಯ ವೇಗ. ಆ ಲೆಕ್ಕದಲ್ಲಿ ನಿಮ್ಮ 8 ಕೆಜಿಗೆ ನಾಲ್ಕು ತಿಂಗಳು ಬೇಕು. ನಡುವೆ ಹಬ್ಬ ಬಂದೇ ಬರುತ್ತದೆ. ಆ ದಿನ ಎಲ್ಲರ ಜೊತೆ ಕೂತು ಹೋಳಿಗೆ ತಿನ್ನಿ. ಎರಡರ ಬದಲು ಒಂದು, ಕೋಸಂಬರಿ ಮಾತ್ರ ಎರಡು ಸಲ.