ಒಂದೇ ಪಂಕ್ತಿಯ ಹಳೆಯ ಪ್ರಶ್ನೆ

ಕಾಸರಗೋಡಿನ ಬೇಳದಲ್ಲಿ 1890ರಲ್ಲಿ ಕಟ್ಟಿದ ಶೋಕಮಾತೆಯ ಇಗರ್ಜಿ (ಕೆಥೊಲಿಕ್ ಚರ್ಚು) ಇದೆ. ಇಲ್ಲಿಯ ಕ್ರೈಸ್ತರಿಗೆ ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಸರ್ಕಾರಿ ಕಚೇರಿಯಲ್ಲಿ ಮಲಯಾಳ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಹೋಯಿತು. ಇಗರ್ಜಿ ಮಾತ್ರ ಮಂಗಳೂರಿನ ಬಿಷಪರ ಅಡಿಯಲ್ಲೇ ಉಳಿಯಿತು. ರಾಜ್ಯದ ಗಡಿ ಇವರನ್ನು ಒಡೆಯಲಿಲ್ಲ ಎಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಹೇಳಬೇಕಾದ್ದೇ. ಆದರೆ ಕ್ರೈಸ್ತ ಸಭೆಯೊಳಗಿನ ಗೆರೆಗಳು ಈ ಗಡಿಗಿಂತ ಬಹಳ ಹಳೆಯವು.

ಎಷ್ಟು ಹಳೆಯವು? ಅಂತಿಯೋಕ್ಯದಲ್ಲಿ ಯೇಸುವಿನ ಶಿಷ್ಯ ಪೇತ್ರನು ಯೆಹೂದ್ಯರಲ್ಲದ ವಿಶ್ವಾಸಿಗಳ ಜೊತೆ ಕುಳಿತು ಉಣ್ಣುತ್ತಿದ್ದ. ಯೆರೂಸಲೇಮಿನಿಂದ ಕೆಲವು ಯೆಹೂದ್ಯ ವಿಶ್ವಾಸಿಗಳು ಬಂದದ್ದೇ ತಡ, ಅಂಜಿ ಎದ್ದು ಬೇರೆ ಕುಳಿತ. ಅಪೊಸ್ತಲ ಪೌಲನು ಎಲ್ಲರೆದುರೇ ಅವನನ್ನು ಖಂಡಿಸಿದ್ದನ್ನು ಬೈಬಲಿನಲ್ಲಿ ಅವನು ಗಲಾತ್ಯದವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯದಲ್ಲಿ ಓದಬಹುದು. ಪಂಕ್ತಿಭೇದ ಏನೆಂದು ನಮ್ಮ ಊರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಈ ಜಗಳ ನಮಗೆ ತಟ್ಟನೆ ಅರ್ಥವಾಗುತ್ತದೆ. ಅನ್ಯಜನರು, ಅಂದರೆ ಯೆಹೂದ್ಯರಲ್ಲದವರು, ಈ ತಡೆಗೋಡೆ ದಾಟಿದರೆ ಸಾವು ಖಚಿತ ಎಂದು ಯೆರೂಸಲೇಮಿನ ದೇವಾಲಯದಲ್ಲಿ ಕೆತ್ತಿದ್ದ ಗ್ರೀಕ್ ಶಾಸನ 1871ರಲ್ಲಿ ಸಿಕ್ಕಿತು. ಎಫೆಸದವರಿಗೆ ಬರೆದ ಪತ್ರ ಕ್ರಿಸ್ತನು ಅಡ್ಡಗೋಡೆಯನ್ನು ಕೆಡವಿದನೆಂದಾಗ ಮೊದಲ ಓದುಗರಿಗೆ ಅದು ಬರೀ ಅಲಂಕಾರವಾಗಿ ಕೇಳಿಸಿರಲಾರದು.

ಗೋವೆಯಿಂದ ಕರಾವಳಿಗೆ ಬಂದ ಕೆಥೊಲಿಕರ ಜೊತೆಗೇ ಜಾತಿಯೂ ಬಂತು. ಬಾಮಣ್, ಚಾರೊಡಿ, ಸುದಿರ್ ಎಂಬ ಹೆಸರುಗಳು ಸ್ನಾನದೀಕ್ಷೆಯ ನೀರಿನಲ್ಲಿ ತೊಳೆದುಹೋಗಲಿಲ್ಲ. ಮದುವೆಯ ಮಾತುಕತೆಗೆ ಕುಳಿತಾಗ ಮೇಲೆದ್ದು ಬರುತ್ತಿದ್ದವು.

1834ರಲ್ಲಿ ಸ್ವಿಟ್ಜರ್ಲೆಂಡಿನಿಂದ ಮಂಗಳೂರಿಗೆ ಬಂದ ಪ್ರೊಟೆಸ್ಟಂಟರ ಬಾಸೆಲ್ ಮಿಶನ್ ಇಲ್ಲಿ ಬೇರೆ ದಾರಿ ಹಿಡಿಯಿತು. ಸಭೆಗೆ ಸೇರಿದವರು ಜಾತಿ ಬಿಡಬೇಕು, ಕರ್ತನ ಭೋಜನದಲ್ಲಿ, ಅಂದರೆ ಯೇಸುವಿನ ನೆನಪಿಗೆ ರೊಟ್ಟಿ ಮುರಿದು ಹಂಚಿಕೊಳ್ಳುವ ಆರಾಧನೆಯಲ್ಲಿ, ಎಲ್ಲರೂ ಜೊತೆಗೂಡಬೇಕು. ಸೇರಿದವರಲ್ಲಿ ಬಿಲ್ಲವರು ಹೆಚ್ಚು. ಹಾಗೆ ಬಂದವರಲ್ಲಿ ಅನೇಕರು ಮನೆ, ಬಂಧುಬಳಗ, ಕಸುಬು ಎಲ್ಲವನ್ನೂ ಕಳೆದುಕೊಂಡರು. ಅವರಿಗೆ ಅನ್ನ ಎಲ್ಲಿಂದ? ನೇಯ್ಗೆಯ ಶಾಲೆಗಳು, 1865ರಲ್ಲಿ ಶುರುವಾದ ಹಂಚಿನ ಕಾರ್ಖಾನೆ ಈ ಪ್ರಶ್ನೆಗೆ ಕೊಟ್ಟ ಉತ್ತರ. ನನಗೆ ಈ ಚರಿತ್ರೆಯಲ್ಲಿ ಎಲ್ಲಕ್ಕಿಂತ ಮುಖ್ಯವೆನಿಸುವುದು ಇದೇ. ಸಮಾನತೆಯನ್ನು ಬೋಧಿಸಿ ಕೈತೊಳೆದುಕೊಳ್ಳದೆ, ಅದಕ್ಕೆ ಬೆಲೆ ತೆತ್ತವರ ಹೊಟ್ಟೆಪಾಡನ್ನೂ ಯೋಚಿಸಿದ್ದು. ಕಾರ್ಖಾನೆಯ ಯಜಮಾನಿಕೆ ಯುರೋಪಿಯನ್ನರ ಕೈಯಲ್ಲೇ ಇತ್ತು ಎಂಬುದೂ ನಿಜ. ಮೊದಲ ಮಹಾಯುದ್ಧ ಬಂದಾಗ ಬ್ರಿಟಿಷ್ ಸರ್ಕಾರ ಆ ಉದ್ಯಮವನ್ನು ಮಿಶನ್ನಿನಿಂದ ಕಿತ್ತುಕೊಂಡಿತು.

ಇನ್ನೊಂದು ಬಿರುಕು ಹಡಗಿನಲ್ಲಿ ಬಂದದ್ದು: ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್ ಎಂಬ ಪಂಗಡಗಳು. ಯುರೋಪಿನ ಜಗಳಗಳನ್ನು ನಾವೇಕೆ ಹೊರಬೇಕೆಂದು ಭಾರತದ ಸಭಾಪಾಲಕರು 1919ರಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ಸೇರಿ ಕೇಳಿದರು. ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್ ವಿ. ಎಸ್. ಅಜರಯ್ಯ ಅವರಲ್ಲಿ ಮುಂಚೂಣಿಯವರು. ಬಿಷಪರಿರಬೇಕೆ, ಸಭಾಪಾಲಕರ ದೀಕ್ಷೆಯನ್ನು ಯಾರು ಯಾರಿಗೆ ಕೊಡಬಹುದು ಎಂಬ ಚರ್ಚೆಯಲ್ಲೇ 28 ವರ್ಷ ಸಂದವು. 1947ರ ಸೆಪ್ಟೆಂಬರ್ 27ರಂದು, ದೇಶ ಇಬ್ಭಾಗವಾದ ಆರು ವಾರಗಳಲ್ಲಿ, ಮದ್ರಾಸಿನಲ್ಲಿ ಈ ಪಂಗಡಗಳು ಕೂಡಿದ ದಕ್ಷಿಣ ಭಾರತ ಸಭೆ (ಸಿಎಸ್‌ಐ) ಹುಟ್ಟಿತು. ಅಜರಯ್ಯ ಅದನ್ನು ಕಾಣಲಿಲ್ಲ, 1945ರಲ್ಲೇ ತೀರಿಕೊಂಡಿದ್ದರು. ನಮ್ಮ ಕಡೆಯ ಬಾಸೆಲ್ ಸಭೆಗಳು ಇನ್ನೂ ತಡವಾಗಿ ಸೇರಿದವು.

ಇವರೆಲ್ಲ ಮಾತುಕತೆಯಲ್ಲಿದ್ದ ಕಾಲದಲ್ಲೇ ಮಂಜೇಶ್ವರದಲ್ಲಿ ಗೋವಿಂದ ಪೈಗಳು ‘ಗೊಲ್ಗೊಥಾ’ ಬರೆದರು. ಬೇಳದ ಕ್ರೈಸ್ತರಂತೆ ಪೈಗಳದ್ದೂ ಕೊಂಕಣಿ ಮನೆಮಾತು. ಯೇಸುವಿನ ಕೊನೆಯ ದಿನವನ್ನು ಅವರು ಕನ್ನಡದ ಕಾವ್ಯವಾಗಿಸಿದರು. ಸಭೆಗೆ ಸೇರದೆಯೇ ಶಿಲುಬೆಯ ಸಂಕಟವನ್ನು ತನ್ನದಾಗಿಸಿಕೊಂಡ ಕವಿ ನಮ್ಮ ಗಡಿನಾಡಿನವರು ಎಂಬುದನ್ನು ಮರೆಯಬಾರದು.

ಕೆಥೊಲಿಕ್ ಸಭೆ 1964ರಲ್ಲಿ ಕ್ರೈಸ್ತ ಐಕ್ಯದ ಆದೇಶ ಹೊರಡಿಸಿತು. 1999ರಲ್ಲಿ ಮಾರ್ಟಿನ್ ಲೂಥರನ ಹಾದಿಯ ಲೂಥರನ್ನರೂ ಕೆಥೊಲಿಕರೂ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ, ಮನುಷ್ಯ ದೇವರೆದುರು ನೀತಿವಂತನಾಗುವುದು ಹೇಗೆ ಎಂಬ ಹಳೆಯ ಧರ್ಮಜಗಳದ ಮೂಲ ಅಂಶಗಳಲ್ಲಿ ಒಮ್ಮತಕ್ಕೆ ಬಂದು ಸಹಿ ಹಾಕಿದರು. ಜನವರಿ 18ರಿಂದ 25ರವರೆಗಿನ ಐಕ್ಯ ಪ್ರಾರ್ಥನೆಯ ವಾರದಲ್ಲಿ ಕೆಥೊಲಿಕರೂ ಪ್ರೊಟೆಸ್ಟಂಟರೂ ಒಂದೇ ಬೆಂಚಿನಲ್ಲಿ ಕೂರುತ್ತಾರೆ, ಹಾಡುತ್ತಾರೆ, ಆಮೇಲೆ ಒಟ್ಟಿಗೆ ಚಹಾ ಕುಡಿಯುತ್ತಾರೆ. ಭಾನುವಾರ ರೊಟ್ಟಿ ಮುರಿಯುವಾಗ ಅವರವರ ಪಂಕ್ತಿ ಅವರವರಿಗೆ.