ತೂಕ ಅಷ್ಟೇ ಇದೆ, ಮಾತ್ರೆ ಮಾತ್ರ ಇಲ್ಲ

"ಡಾಕ್ಟ್ರೇ, ನಂದು ಶುಗರ್ ಕಾಯಿಲೆ ರಿವರ್ಸ್ ಆಗಿದೆ. ಮಾತ್ರೆ ಬಿಟ್ಟು ತಿಂಗಳಾಯ್ತು." ಈಚೆಗೆ ಕ್ಲಿನಿಕ್‌ನಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ. ತೂಕ ಎಷ್ಟು ಇಳೀತು ಅಂತ ಕೇಳಿದರೆ ನನ್ನ ಮುಖ ನೋಡುತ್ತಾರೆ. ತೂಕ ಅಷ್ಟೇ ಇದೆ. ಮಾತ್ರೆ ಮಾತ್ರ ಇಲ್ಲ!

ಹಾಗಂತ ರಿವರ್ಸ್ ಅನ್ನೋದು ಸುಳ್ಳಲ್ಲ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ವೈದ್ಯ ರಾಯ್ ಟೇಲರ್ ಈ ವಿಷಯದ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದವರು. ತೂಕ ಇಳಿಸೋ ಆಪರೇಷನ್ ಮಾಡಿಸಿಕೊಂಡವರ ಶುಗರ್ ಕೆಲವೇ ದಿನಗಳಲ್ಲಿ ಇಳಿಯುತ್ತಿತ್ತು. ಅದು ಆಪರೇಷನ್ನಿನ ಮಹಿಮೆಯೋ, ಊಟ ಕಡಿಮೆಯಾಗಿದ್ದಕ್ಕೋ ಅನ್ನೋ ಪ್ರಶ್ನೆ ಅವರಿಗೆ. 11 ಜನರನ್ನು 8 ವಾರ ದಿನಕ್ಕೆ 600 ಕ್ಯಾಲೊರಿಯಲ್ಲಿಟ್ಟು ನೋಡಿದರು. ಒಂದೇ ವಾರದಲ್ಲಿ ಖಾಲಿ ಹೊಟ್ಟೆಯ ಶುಗರ್ ನಾರ್ಮಲ್ ಆಯ್ತು. 2011ರಲ್ಲಿ ಅದು ಪ್ರಕಟವಾಯಿತು.

ಆಮೇಲೆ ಗ್ಲಾಸ್ಗೋದ ಮೈಕ್ ಲೀನ್ ಜೊತೆ ಸೇರಿ 'ಡೈರೆಕ್ಟ್' ಅನ್ನೋ ದೊಡ್ಡ ಅಧ್ಯಯನ ಮಾಡಿದರು. 2017ರ ಕೊನೆಗೆ ಬಂದ ಅದರ ಫಲಿತಾಂಶವೇ ಈಗ ನಿಮ್ಮ ವಾಟ್ಸಾಪ್‌ನಲ್ಲಿ ಓಡಾಡುತ್ತಿರೋದು. ಮೂರರಿಂದ ಐದು ತಿಂಗಳು ದಿನಕ್ಕೆ 850 ಕ್ಯಾಲೊರಿಯ ಆಸುಪಾಸು, ಬರೀ ಸೂಪ್ ಮತ್ತು ಶೇಕ್. ಹೀಗೆ ಮಾಡಿದವರಲ್ಲಿ ವರ್ಷದ ನಂತರ ಶೇ. 46ರಷ್ಟು ಜನ ಮಾತ್ರೆ ಇಲ್ಲದೇ ಡಯಾಬಿಟಿಸ್‌ನಿಂದ ಆಚೆ ಇದ್ದರು. 15 ಕೆಜಿ ಅಥವಾ ಅದಕ್ಕಿಂತ ಜಾಸ್ತಿ ಇಳಿಸಿದವರಲ್ಲಿ ಶೇ. 86. ತೂಕ ಏರಿಸಿಕೊಂಡವರು 76 ಜನ. ಅವರಲ್ಲಿ ಒಬ್ಬರಿಗೂ ಆ ಭಾಗ್ಯ ಸಿಗಲಿಲ್ಲ. ಈ ಕೊನೆಯ ಸಾಲನ್ನು ಯಾರೂ ಫಾರ್ವರ್ಡ್ ಮಾಡೋದಿಲ್ಲ.

ಅಲ್ಲಿ ಮೊದಲ ದಿನವೇ ಶುಗರ್ ಮಾತ್ರೆ ನಿಲ್ಲಿಸಿದ್ದು ನಿಜ. ಆದರೆ ಅದೇ ದಿನ ಊಟವನ್ನೂ ನಿಲ್ಲಿಸಿದ್ದರು. ನರ್ಸ್‌ಗಳೋ ಡಯಟೀಶಿಯನ್‌ಗಳೋ ಮೇಲಿಂದ ಮೇಲೆ ಕರೆಸಿ ನೋಡುತ್ತಿದ್ದರು. ನಮ್ಮವರು ಅದರಲ್ಲಿ ಅರ್ಧ ಮಾತ್ರ ಕಾಪಿ ಹೊಡೆಯುತ್ತಾರೆ. ಅದೂ ಸುಲಭದ ಅರ್ಧ.

"ರಾತ್ರಿ ಏನೂ ತಿಂದಿಲ್ಲ, ಬೆಳಗ್ಗೆ 180 ಹೇಗೆ ಬಂತು?" ಅಂತ ಜಗಳಕ್ಕೇ ಬರುತ್ತಾರೆ. ನೀವು ತಿನ್ನದಿದ್ದರೂ ಲಿವರ್ ರಾತ್ರಿಯಿಡೀ ಗ್ಲೂಕೋಸ್ ತಯಾರಿಸುತ್ತಲೇ ಇರುತ್ತದೆ. ಸಾಕು ನಿಲ್ಲಿಸು ಅಂತ ಹೇಳೋದು ಇನ್ಸುಲಿನ್. ಕೊಬ್ಬು ತುಂಬಿದ ಲಿವರ್ ಆ ಮಾತು ಕೇಳೋದಿಲ್ಲ. ಅಲ್ಲಿ ಜಾಸ್ತಿಯಾದ ಕೊಬ್ಬು ಪ್ಯಾಂಕ್ರಿಯಾಸ್‌ಗೂ ಸೇರುತ್ತದೆ, ಇನ್ಸುಲಿನ್ ಮಾಡುವ ಜೀವಕೋಶಗಳು ಮಂಕಾಗುತ್ತವೆ. ಮೆಟ್‌ಫಾರ್ಮಿನ್ ಅನ್ನೋ ಶುಗರ್ ಮಾತ್ರೆ ಮುಖ್ಯವಾಗಿ ಲಿವರನ್ನು ಸುಮ್ಮನಿರಿಸುತ್ತದೆ, ಕೊಬ್ಬನ್ನು ಖಾಲಿ ಮಾಡೋದಿಲ್ಲ. ಅಂದಮೇಲೆ ಮಾತ್ರೆ ತಗೊಂಡಾಗ ಬಂದ ನಾರ್ಮಲ್ ರಿಪೋರ್ಟ್ ಮಾತ್ರೆಯದ್ದು, ನಿಮ್ಮದಲ್ಲ. ಸೋರುವ ಹೆಂಚಿನ ಕೆಳಗೆ ಪಾತ್ರೆ ಇಟ್ಟು, ನೆಲ ಒಣಗಿದೆ ಅಂತ ಪಾತ್ರೆ ಎತ್ತಿಟ್ಟರೆ ಏನಾಗುತ್ತೆ ಹೇಳಿ.

ಇನ್ನು "ನಾನೇನು ದಪ್ಪ ಇಲ್ವಲ್ಲ" ಅನ್ನೋರು. 2004ರಲ್ಲಿ ಪುಣೆಯ ಡಾ. ಯಾಜ್ಞಿಕ್ ತಮ್ಮ ಬ್ರಿಟಿಷ್ ಮಿತ್ರ ಯುಡ್ಕಿನ್ ಜೊತೆ ನಿಂತ ಫೋಟೋ ಪ್ರಕಟಿಸಿದರು. ಇಬ್ಬರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) ಕೂಡ 22.3. ಮೈಕೊಬ್ಬು ಮಾತ್ರ ಯುಡ್ಕಿನ್‌ಗೆ ಶೇ. 9.1, ಯಾಜ್ಞಿಕ್‌ಗೆ ಶೇ. 21.2. ನಾವು ತೆಳ್ಳಗೆ ಕಾಣುತ್ತೇವೆ, ಅಷ್ಟೇ. ಶರ್ಟ್ ಬಿಗಿಯಾಗಿದೆಯಾ ಅಂತಲ್ಲ, ಮದುವೆಯಾದಾಗಿನ ಪ್ಯಾಂಟ್ ಈಗ ಸೊಂಟಕ್ಕೆ ಆಗುತ್ತಾ ಅಂತ ನೋಡಿ.

ಉಲ್ಟಾ ಪ್ರಕರಣಗಳೂ ಇವೆ. ಕಿರಾಣಿ ಅಂಗಡಿಯ ಯಜಮಾನರೊಬ್ಬರು ವಿಡಿಯೋ ನೋಡಿ ರಾತ್ರಿ ಊಟ ಬಿಟ್ಟರು. ಇನ್ಸುಲಿನ್ ಹೆಚ್ಚಿಸಿ ಶುಗರ್ ಇಳಿಸೋ ಗ್ಲಿಮೆಪಿರೈಡ್ ಮಾತ್ರೆ ಬಿಡಲಿಲ್ಲ. ನಡುರಾತ್ರಿ ಶುಗರ್ ತೀರಾ ಇಳಿದು, ಬನಿಯನ್ ಒದ್ದೆಯಾಗುವಷ್ಟು ಬೆವರು, ಕೈ ನಡುಕ, ಏನೇನೋ ಬಡಬಡಿಕೆ. ಅವರ ಹೆಂಡತಿ ಗಾಬರಿಯಲ್ಲೇ ಸಕ್ಕರೆ ನೀರು ಕುಡಿಸಿದ್ದಾರೆ. ಮರುದಿನ ನನ್ನ ಹತ್ತಿರ ಪಿಸುಗುಟ್ಟಿದರು: "ಶುಗರ್ ಇರೋರಿಗೆ ಸಕ್ಕರೆನೇ ಕೊಟ್ಬಿಟ್ಟೆ ಡಾಕ್ಟ್ರೇ, ತಪ್ಪಾಯ್ತಾ?" ಇಲ್ಲಮ್ಮಾ, ಆ ರಾತ್ರಿ ನಿಮ್ಮನೇಲಿ ಸರಿಯಾದ ಡಾಕ್ಟ್ರು ನೀವೇ.

ಎಚ್ಚರಿಕೆಯ ಮಾತನ್ನೂ ಹೇಳಲೇಬೇಕು. ಡೈರೆಕ್ಟ್‌ನಲ್ಲಿದ್ದವರಿಗೆ ಡಯಾಬಿಟಿಸ್ ಬಂದು ಆರು ವರ್ಷದೊಳಗಾಗಿತ್ತು, ಇನ್ಸುಲಿನ್ ತಗೊಳ್ಳುವವರು ಅದರಲ್ಲಿರಲಿಲ್ಲ. ಹದಿನೈದು ವರ್ಷದ ಹಳೆಯ ಕಾಯಿಲೆಗೆ ನಾನು ಅಂಥ ಭರವಸೆ ಕೊಡಲಾರೆ. ಗರ್ಭಿಣಿಯರು ಮತ್ತು ಕಿಡ್ನಿ ತೊಂದರೆ ಇರುವವರು ಈ ಪ್ರಯೋಗಕ್ಕೆ ಸ್ವಂತವಾಗಿ ಕೈ ಹಾಕಬೇಡಿ. ಟೈಪ್ 1, ಅಂದರೆ ದೇಹದಲ್ಲಿ ಇನ್ಸುಲಿನ್ನೇ ತಯಾರಾಗದ ಡಯಾಬಿಟಿಸ್ ಇರುವವರು ಯಾರ ಮಾತು ಕೇಳಿಯೂ ಇನ್ಸುಲಿನ್ ಬಿಡಬೇಡಿ. ಡೈರೆಕ್ಟ್‌ನಲ್ಲೂ ರಿವರ್ಸ್ ಆದವರ ಪ್ರಮಾಣ ಎರಡನೇ ವರ್ಷಕ್ಕೆ ಶೇ. 46 ಇದ್ದದ್ದು 36ಕ್ಕೆ ಇಳಿದಿತ್ತು. ಆದ್ದರಿಂದ ವರ್ಷಕ್ಕೊಮ್ಮೆಯಾದರೂ ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) ಮಾಡಿಸಿ, ಕಣ್ಣಿನ ಪರದೆಯನ್ನೂ ತೋರಿಸಿ.

ಮಾತ್ರೆ ಕಡಿಮೆ ಮಾಡಬೇಕು ಅನ್ನೋ ಆಸೆ ನನಗೂ ಇದೆ. ಮುಂದಿನ ಸಲ ಬರುವಾಗ ಮಾತ್ರೆಯ ಸ್ಟ್ರಿಪ್‌ಗಳನ್ನು ತನ್ನಿ, ಪ್ರತಿ ವಾರದ ತೂಕವನ್ನು ಒಂದು ಚೀಟಿಯಲ್ಲಿ ಬರೆದು ತನ್ನಿ. ತೂಕ ಇಳಿದ ಹಾಗೆ ಮಾತ್ರೆ ಒಂದೊಂದಾಗಿ ನಾನೇ ತೆಗೀತೀನಿ. ಯಾವುದನ್ನು ಮೊದಲು ತೆಗೀಬೇಕು ಅನ್ನೋ ತಲೆನೋವು ನನಗಿರಲಿ.